ಗೋಡೆಯಾಚೆಯ ಉಸಿರು

ಫೆಬ್ರವರಿ 20

ಅಕ್ಕಾ,

ಎರಡು ವರ್ಷದಿಂದ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಅದೇನು ಮಾಡುತ್ತೀಯ ಎಂದು ಕೇಳುತ್ತಲೇ ಇದ್ದೆಯಲ್ಲ, ಈಗ ನೋಡಬಹುದು. ನಾನು ಶಬ್ದ ಜೋಡಿಸಿದ ಸಿನಿಮಾ ಈ ತಿಂಗಳ ಕೊನೆಗೆ ಮನೆಯ ಟೀವಿಯಲ್ಲೇ ಸಿಗುತ್ತದೆ. ಇನ್ನು ಇಪ್ಪತ್ತು ವರ್ಷಕ್ಕೆ ಊರು ಹೇಗಿರಬಹುದು ಎಂಬ ಕಥೆ. ಹಾರುವ ಕಾರು, ರೋಬೋಟು ಏನೂ ಇಲ್ಲ. ಇವೇ ಬಸ್ಸು, ಇವೇ ಕಟ್ಟಡ, ಕೌಂಟರಿನ ಮುಂದೆ ಇದೇ ಸಾಲು. ಗಾಳಿ ಮಾತ್ರ ಅಳತೆಯ ಮೇಲೆ ಸಿಗುತ್ತದೆ.

ನೋಡುವಾಗ ಫ್ಯಾನ್ ಆರಿಸು, ಬೀದಿ ಕಡೆಯ ಕಿಟಕಿ ಮುಚ್ಚು. ನಾನು ಬಿಟ್ಟು ಬಂದ ಸ್ಪೀಕರುಗಳು ಅಟ್ಟದಲ್ಲಿವೆ, ಇಳಿಸಿ ಜೋಡಿಸಿಕೋ. ಟೀವಿಯ ಸ್ಪೀಕರಿನಲ್ಲಿ ಕೇಳಿದರೆ ನನ್ನ ಎರಡು ವರ್ಷ ನೀರಿಗೆ ಹೋದ ಹಾಗೆ. ಕೊನೆಯಲ್ಲಿ ಹೆಸರುಗಳು ಓಡುವಾಗ ಎದ್ದು ಹೋಗಬೇಡ. ನನ್ನದು ಬರುವುದಕ್ಕೆ ಮೂರು ನಿಮಿಷ ಆಗುತ್ತದೆ.

ಅಮ್ಮನಿಗೆ ಮೊನ್ನೆ ತಾನೇ ಕಣ್ಣಿನ ಪೊರೆ ತೆಗೆಸಿದ್ದೀಯ, ಟೀವಿ ನೋಡಬಾರದಲ್ಲ. ಅವಳನ್ನು ಕೂರಿಸಬೇಡ. ಹೇಗಿದ್ದರೂ ಅವಳಿಗೆ ಹಿಡಿಸುವ ಕಥೆಯಲ್ಲ. ಆ ಹೊತ್ತಿಗೆ ಕೆಳಗಿನ ಮನೆಗೆ ಕಳಿಸು.

ನಿನ್ನ ತಮ್ಮ

ಮಾರ್ಚ್ 2

ತಮ್ಮಾ,

ನಿನ್ನೆ ಭಾನುವಾರ ಮಧ್ಯಾಹ್ನ ಊಟ ಆದಮೇಲೆ ನಿನ್ನ ಸಿನಿಮಾ ನೋಡಿದೆವು. ನೋಡಿದೆವು ಅಂದರೆ ನಾನು ನೋಡಿದೆ, ಅಮ್ಮ ಕೇಳಿದಳು. ಕೆಳಗೆ ಹೋಗು ಅಂದರೆ ಹೋಗಲಿಲ್ಲ. ಮಗ ಮಾಡಿದ್ದು ಶಬ್ದ ತಾನೇ, ಅದಕ್ಕೆ ಕಣ್ಣೇಕೆ ಎಂದು ಕರಿ ಕನ್ನಡಕ ಹಾಕಿಕೊಂಡು ಟೀವಿಗೆ ಬೆನ್ನು ಮಾಡಿ ಕೂತಳು. ಮಡಿಲಲ್ಲಿ ಮಕ್ಕಳ ಬಟ್ಟೆ, ಮಡಿಸುವುದಕ್ಕೆ. ಕೆಳಗಿನ ಮನೆಯ ಮಗುವನ್ನೂ ಎದುರು ಕಟ್ಟಡದ ಮಗುವನ್ನೂ ಹಗಲು ಹೊತ್ತು ಅಮ್ಮನೇ ನೋಡಿಕೊಳ್ಳುತ್ತಾಳೆ ಎಂದು ಹೋದ ಸಲ ಬರೆದಿದ್ದೆ.

ಸಿನಿಮಾ ಚೆನ್ನಾಗಿದೆ. ಚೆನ್ನಾಗಿದೆ ಅನ್ನುವುದಕ್ಕಿಂತ, ಸಿನಿಮಾ ಅನ್ನಿಸಲೇ ಇಲ್ಲ. ಗಾಳಿಗೆ ಅರ್ಜಿ ಹಾಕುವ ಫಾರಂ ಇದೆಯಲ್ಲ, ಅದು ನಮ್ಮ ಆಸ್ಪತ್ರೆಯ ಫಾರಮ್ಮಿನ ಅಕ್ಕತಂಗಿಯ ಹಾಗಿದೆ. ಶ್ವಾಸಕೋಶ ಕೆಟ್ಟವರಿಗೆ ಗಾಳಿ ಜಾಸ್ತಿ ಬೇಕು, ಜಾಸ್ತಿ ಬೇಕಾದವರನ್ನು ಕೆಳಗಿನ ಮಹಡಿಗೆ ಇಳಿಸುತ್ತಾರೆ, ಅಲ್ಲಿ ಗಾಳಿ ಇನ್ನೂ ಕಡಿಮೆ. ನಾಳೆ ಬೆಳಿಗ್ಗೆ ಎದ್ದು ಇದನ್ನೇ ಸುತ್ತೋಲೆ ಮಾಡಿ ಕಳಿಸಿದರೂ ನಾನು ಸಹಿ ಹಾಕಿ ಎಕ್ಸ್-ರೇ ತೆಗೆಯಲು ಕೂರುತ್ತೇನೇನೋ.

ಒಂದು ವಿಷಯ. ಗಾಳಿಯ ಮೀಟರು ಓದುವ ಆ ಹೆಂಗಸು ರೂಮಿನಲ್ಲಿ ಒಬ್ಬಳೇ ಕೂತು, ಗೋಡೆಯಾಚೆಯ ಮುದುಕನ ಉಸಿರು ಕೇಳಿಸಿಕೊಳ್ಳುವ ಜಾಗ ಬರುತ್ತದಲ್ಲ. ಅಲ್ಲಿ ಅಮ್ಮ ಬಟ್ಟೆ ಕೆಳಗಿಟ್ಟು ಎದ್ದು ನಿಂತಳು. "ಅವ್ರು ಎದ್ದಿದ್ದಾರೆ ಕಣೇ, ಯಾರಾದ್ರೂ ಹೋಗಿ ನೋಡಿ" ಅಂದಳು. ಗೋಡೆ ಹಿಡಿದುಕೊಂಡು ಒಳಗಿನ ಕೋಣೆಯ ತನಕ ಹೋಗಿಯೇ ಬಿಟ್ಟಳು. ಅಪ್ಪನ ಮಂಚವಿದ್ದ ಜಾಗದಲ್ಲಿ ಈಗ ಬಟ್ಟೆ ಹಾಕುವ ಕಬ್ಬಿಣದ ಸ್ಟ್ಯಾಂಡ್ ಇದೆ. ಅದನ್ನು ಹಿಡಿದುಕೊಂಡು ನಿಂತಿದ್ದಳು. ಕರೆದುಕೊಂಡು ಬಂದು ಕೂರಿಸಿದೆ. ಅದು ನಿಮ್ಮಪ್ಪನೇ ಅಂದಳು. ಸಿನಿಮಾ ಅಮ್ಮ ಅಂದೆ. ಸಿನಿಮಾ ಅಂತ ನನಗೂ ಗೊತ್ತು, ಆದರೂ ಅದು ಅವರೇ ಅಂದಳು.

ಅಪ್ಪ ಹೋಗಿ ಒಂದೂವರೆ ವರ್ಷ ಆಯಿತು. ಇಷ್ಟು ದಿನ ಗಟ್ಟಿಯಾಗಿದ್ದವಳು ಈಗ ಹೀಗೆ. ನಿನಗೇನನ್ನಿಸುತ್ತದೆ, ಬರೆ. ಫೋನ್ ಮಾಡಬೇಡ, ಅವಳು ಪಕ್ಕದಲ್ಲೇ ಇರುತ್ತಾಳೆ.

ನಿನ್ನ ಹೆಸರು ಬಂದಾಗ ಗಟ್ಟಿಯಾಗಿ ಓದಿ ಹೇಳಿದೆ.

ಅಕ್ಕ

ಮಾರ್ಚ್ 9

ಅಕ್ಕಾ,

ಫಾರಂ ವಿಷಯ ಬರೆದದ್ದು ಓದಿ ನಮ್ಮ ನಿರ್ದೇಶಕರಿಗೆ ಹೇಳಿದೆ, ತುಂಬಾ ಖುಷಿಪಟ್ಟರು. ಇನ್ಸ್‌ಪೆಕ್ಟರುಗಳು ಗೋಡೆಗೆ ಯಂತ್ರ ಹಚ್ಚಿ ಉಸಿರು ಎಣಿಸುವಾಗ ಎಡಗಡೆಯ ಸ್ಪೀಕರಿನಲ್ಲಿ ನೀರಿನ ಕೊಳವೆಯ ಗುರುಗುರು ಬರುತ್ತದೆ, ಗಮನಿಸಿದೆಯಾ? ಅದಕ್ಕಾಗಿ ಹಳೇ ಹೋಟೆಲೊಂದರ ಸ್ನಾನದ ಮನೆಯಲ್ಲಿ ಎರಡು ದಿನ ಕೂತಿದ್ದೆ.

ಅಮ್ಮನ ಬಗ್ಗೆ ಹೆಚ್ಚು ಯೋಚಿಸಬೇಡ. ಆ ಮುದುಕನ ಉಸಿರು ಒಬ್ಬ ನಾಟಕದ ನಟರದು. ಮೂಗಿಗೆ ಬಟ್ಟೆ ಕಟ್ಟಿ ಸ್ಟುಡಿಯೋದಲ್ಲಿ ಅರ್ಧ ದಿನ ಉಸಿರಾಡಿಸಿದೆವು. ಕಾಯಿಲೆಯವರ ಉಸಿರೆಲ್ಲ ಒಂದೇ ಥರ ಕೇಳುತ್ತದೆ. ಆಪರೇಷನ್ ಆದಮೇಲೆ, ಕಣ್ಣು ಮುಚ್ಚಿಕೊಂಡೇ ಇರುವವರಿಗೆ ಹೀಗೆ ಏನೇನೋ ಅನ್ನಿಸಬಹುದು. ಅದರ ಮಾತೇ ಎತ್ತಬೇಡ, ತಾನಾಗಿಯೇ ಮರೆಯುತ್ತಾಳೆ.

ಕೆಲಸ ಜಾಸ್ತಿ. ಕಾಗದ ತಡವಾದರೆ ಬೇಸರ ಮಾಡಿಕೊಳ್ಳಬೇಡ.

ತಮ್ಮ

ಮಾರ್ಚ್ 24

ತಮ್ಮಾ,

ಅಮ್ಮ ಮರೆಯಲಿಲ್ಲ. ಕೆಳಗಿನ ಮನೆಯವಳಿಗೆ, ಔಷಧಿ ಅಂಗಡಿಯವನಿಗೆ, ನೀರಿನ ಬಿಲ್ ತರುವವನಿಗೆ, ಎಲ್ಲರಿಗೂ ನಮ್ಮ ಯಜಮಾನರು ಸಿನಿಮಾದಲ್ಲಿದ್ದಾರೆ ಎಂದು ಹೇಳಿಕೊಂಡು ಬಂದಳು. ಮುಖ ಕಾಣುವುದಿಲ್ಲ, ಗೋಡೆಯ ಆಚೆ ಇದ್ದಾರೆ ಎಂದು ವಿವರ ಬೇರೆ. ಅವರು ನನ್ನ ಮುಖ ನೋಡುತ್ತಾರೆ.

ಹೋದ ಮಂಗಳವಾರ ನಮ್ಮ ಆಸ್ಪತ್ರೆಯ ನರರೋಗದ ಡಾಕ್ಟರಿಗೆ ತೋರಿಸಿದೆ. ಅವರು ಮೂರು ಪದ ಹೇಳಿ ನೆನಪಿಟ್ಟುಕೊಳ್ಳಿ ಅಂದರು, ನೆನಪಿಟ್ಟುಕೊಂಡಳು. ನೂರರಿಂದ ಏಳೇಳು ಕಳೆಯಿರಿ ಅಂದರು, ಅರವತ್ತೈದರ ತನಕ ಕಳೆದು ಸಾಕಾ ಎಂದು ಕೇಳಿದಳು. ತಾರೀಖು ಮಾತ್ರ ತಪ್ಪು ಹೇಳಿದಳು. ಕ್ಯಾಲೆಂಡರ್ ನೋಡಿ ತಿಂಗಳಾಯಿತು, ಹೇಗೆ ಗೊತ್ತಾಗಬೇಕು ಎಂದು ಅವರ ಮೇಲೇ ರೇಗಿದಳು. ಕೊನೆಗೆ ಡಾಕ್ಟರು ಸಿನಿಮಾದ ವಿಷಯ ಕೇಳಿದರು. ಅದು ನಿಜವಾಗಿಯೂ ಯಾರ ಉಸಿರು ಎಂದು ನನ್ನನ್ನು ಕೇಳಿದಾಗ ನಿನ್ನ ಕಾಗದವನ್ನೇ ತೆಗೆದು ತೋರಿಸಿದೆ. ಓದಿ ತಲೆಯಾಡಿಸಿದರು. ಹಟ ಹಿಡಿದು ನಂಬುವುದು ಕೆಲವರಲ್ಲಿ ಮೊದಲ ಲಕ್ಷಣ, ಮೂರು ತಿಂಗಳು ನೋಡೋಣ ಎಂದು ಮಾತ್ರೆ ಬರೆದುಕೊಟ್ಟರು.

ಮಾತ್ರೆ ನುಂಗಿ ಹಗಲೂ ತೂಕಡಿಸುತ್ತಾಳೆ. ಕೆಳಗಿನ ಮನೆಯವಳಿಗೆ ನಾನೇ ಹೇಳಿದೆ. ಹೇಳದಿರುವುದು ಹೇಗೆ? ಎರಡು ವರ್ಷದ ಕೂಸನ್ನು ಬಿಟ್ಟು ಹೋಗುವವಳು ಅವಳು. ಮಾರನೇ ದಿನದಿಂದ ಎರಡು ಮಕ್ಕಳೂ ಬರುತ್ತಿಲ್ಲ. ನಾನು ಡ್ಯೂಟಿಗೆ ಹೊರಡುವಾಗ ಗ್ಯಾಸ್ ಒಲೆಯ ತಿರುಗಣೆ ಬಿಚ್ಚಿ ಬ್ಯಾಗಿನಲ್ಲಿ ಹಾಕಿಕೊಂಡು ಹೋಗುತ್ತೇನೆ. ಅದು ಅವಳಿಗೆ ಗೊತ್ತಾಗಿದೆ. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು, ಕೆಳಗೆ ಮಗು ಅತ್ತರೆ ಕಿವಿ ಕೊಟ್ಟು, "ಹಸಿವಲ್ಲ, ನಿದ್ದೆಗೆ ಅಳ್ತಿದೆ" ಅನ್ನುತ್ತಾಳೆ.

ಇದನ್ನೆಲ್ಲ ನಿನಗೆ ಹೇಳಿ ಏನೂ ಆಗಬೇಕಾಗಿಲ್ಲ. ಹೇಳಿಕೊಳ್ಳುವುದಕ್ಕೆ ಬೇರೆ ಯಾರೂ ಇಲ್ಲ, ಅಷ್ಟೇ.

ಅಕ್ಕ

ಮಾರ್ಚ್ 30

ಅಕ್ಕಾ,

ಆ ಮಾತ್ರೆಯನ್ನು ಸ್ವಲ್ಪ ದಿನ ನಿಲ್ಲಿಸು. ಇನ್ನೊಬ್ಬ ಡಾಕ್ಟರಿಗೆ ತೋರಿಸಿದ ಮೇಲೆ ಬೇಕಾದರೆ ಕೊಟ್ಟರಾಯಿತು. ಮಕ್ಕಳನ್ನೂ ಕಳಿಸಲು ಹೇಳು. ಅಮ್ಮನಿಗೆ ಏನೂ ಆಗಿಲ್ಲ ಅನ್ನಿಸುತ್ತದೆ ನನಗೆ.

ತಮ್ಮ

ಏಪ್ರಿಲ್ 4

ತಮ್ಮನಿಗೆ,

ನಾಲ್ಕು ಸಾಲಿನ ಕಾಗದ ತಲುಪಿತು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯುವುದನ್ನು ಎಲ್ಲಿ ಕಲಿತೆ? ಏನೂ ಆಗಿಲ್ಲ ಅನ್ನಿಸುತ್ತದೆಯಂತೆ. ಅಲ್ಲಿ ಕೂತವನಿಗೆ ಹೇಗೆ ಅನ್ನಿಸುತ್ತದೆ? ಅಪ್ಪನ ಕಾಲದಲ್ಲೂ ಹೀಗೇ ಮಾಡಿದೆ. ಒಂದೂವರೆ ವರ್ಷ ಮಲಗಿದ್ದರು. ನೀನು ಬಂದದ್ದು ಹನ್ನೊಂದು ದಿನ. ಆ ಹನ್ನೊಂದು ದಿನವೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೂಲೆಯ ಕುರ್ಚಿಯಲ್ಲಿ ಕೂತಿದ್ದೆ. ಹೊರಡುವ ದಿನ, ಅಪ್ಪ ಸುಧಾರಿಸಿದ ಹಾಗಿದೆ ಅಂದೆ. ನೀನು ಹೋದ ಒಂಬತ್ತನೇ ದಿನ ಹೋದರು.

ಮಾತ್ರೆ ನಿಲ್ಲಿಸುವುದಿಲ್ಲ. ನಿಲ್ಲಿಸಬೇಕು ಅಂದರೆ ಕಾರಣ ಬರೆ.

ಅಕ್ಕ

ಏಪ್ರಿಲ್ 8

ಅಕ್ಕಾ,

ಕಾರಣ ಬರೆಯುತ್ತೇನೆ. ಈ ಕಾಗದವನ್ನು ಡಾಕ್ಟರಿಗೆ ತೋರಿಸು, ಕೆಳಗಿನ ಮನೆಯವಳಿಗೂ ತೋರಿಸು.

ಸಿನಿಮಾದಲ್ಲಿರುವುದು ಅಪ್ಪನ ಉಸಿರೇ. ನಾಟಕದ ನಟ, ಮೂಗಿಗೆ ಬಟ್ಟೆ, ಎಲ್ಲ ಸುಳ್ಳು. ನಟರನ್ನು ಕರೆಸಿದ್ದು ನಿಜ, ಮೂವರು ಬಂದಿದ್ದರು. ಯಾರದೂ ಸರಿ ಬರಲಿಲ್ಲ. ಇವರು ಉಸಿರುಗಟ್ಟಿದವರ ಹಾಗೆ ನಟಿಸುತ್ತಾರೆ, ಉಸಿರುಗಟ್ಟಿದವರು ಉಸಿರು ಗಟ್ಟಿಯೇ ಇಲ್ಲದ ಹಾಗೆ ನಟಿಸುತ್ತಾರೆ ಎಂದು ನಾನೇ ನಿರ್ದೇಶಕರಿಗೆ ಹೇಳಿದೆ. ನಿನಗೆ ಹೇಗೆ ಗೊತ್ತು ಎಂದು ಕೇಳಿದರು. ಮಾರನೇ ದಿನ ಅಪ್ಪನದನ್ನು ಕೇಳಿಸಿದೆ. ಎಲ್ಲಿ ಸಿಕ್ಕಿತು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮುದುಕ ಬಾಯೊಳಗೆ ಟಕ್ ಎಂದು ಸಣ್ಣ ಶಬ್ದ ಮಾಡುತ್ತಾನಲ್ಲ, ಅದೊಂದಕ್ಕೇ ಈ ದೃಶ್ಯ ನಿಂತಿತು ಎಂದು ಎಲ್ಲರೂ ಹೊಗಳಿದರು. ನಾನು ಹೊಗಳಿಸಿಕೊಂಡೆ.

ಆ ಹನ್ನೊಂದು ದಿನ ನೀನು ಹಾಸಿಗೆ ಬದಲಿಸುತ್ತಿದ್ದೆ. ಅಮ್ಮ ತುತ್ತು ಮಾಡಿ ತಿನ್ನಿಸುತ್ತಿದ್ದಳು. ನಾನು ಏನಾದರೂ ಮಾಡಲು ಹೋದರೆ ಇಬ್ಬರ ಕಾಲಿಗೂ ಸಿಕ್ಕಿಕೊಳ್ಳುತ್ತಿದ್ದೆ. ಮೈಕು ಹಿಡಿದರೆ ನನಗೂ ಒಂದು ಕೆಲಸ ಇದ್ದ ಹಾಗಾಯಿತು. ಮೂವತ್ತೊಂದು ವರ್ಷ ಹಿಟ್ಟಿನ ಗಿರಣಿಯಲ್ಲಿ ಧೂಳು ಕುಡಿದವರ ಉಸಿರು ಎಂದು, ನೆನಪಿಗೆ ಇರಲಿ ಎಂದು ಹಿಡಿದದ್ದು. ಸಿನಿಮಾಕ್ಕೆ ಎಂದು ಹಿಡಿದದ್ದಲ್ಲ. ಇದನ್ನಾದರೂ ನಂಬು.

ಅಮ್ಮ ಕೇಳದಿದ್ದರೆ ಸಾಕು ಅಂದುಕೊಂಡಿದ್ದೆ. ಕೇಳಿದಳು. ಆಮೇಲೆ ನಿನಗೆ ಸುಳ್ಳು ಬರೆದೆ, ಅದು ಡಾಕ್ಟರ ಮೇಜಿನ ತನಕ ಹೋಯಿತು. ಡಾಕ್ಟರಿಗೆ ತೋರಿಸಿದೆ ಎಂಬ ನಿನ್ನ ಕಾಗದ ಬಂದ ದಿನವೇ ಇದನ್ನು ಬರೆಯಬೇಕಿತ್ತು. ಬರೆದು ಎರಡು ಸಲ ಹರಿದೆ.

ನಿನ್ನೆ ಸ್ಟುಡಿಯೋದ ಹಿರಿಯರಿಗೆ ಹೇಳಿದೆ. ನಿಮ್ಮದೇ ಅಪ್ಪ, ನಿಮ್ಮದೇ ರೆಕಾರ್ಡಿಂಗ್, ಯಾರಿಗೆ ತೊಂದರೆ ಅಂದರು. ಅಮ್ಮ ಬೇಡ ಅಂದರೆ ತೆಗೆಸುತ್ತೇನೆ. ಈ ಕೆಲಸ ಹೋದರೂ ಸರಿ.

ತಮ್ಮ

ಏಪ್ರಿಲ್ 29

ತಮ್ಮನಿಗೆ,

ಇಪ್ಪತ್ತು ದಿನ ನಿನಗೆ ಬರೆಯುವ ಮನಸ್ಸಾಗಲಿಲ್ಲ. ಈಗಲೂ ಇಲ್ಲ. ಅಮ್ಮ ಬರೆ ಅಂದಳು, ಬರೆಯುತ್ತಿದ್ದೇನೆ.

ಕಾಗದ ಬಂದ ದಿನವೇ ಡಾಕ್ಟರನ್ನು ಕಂಡೆ. ಎರಡು ಸಲ ಓದಿದರು. ಮಾತ್ರೆಯನ್ನು ಹಂತಹಂತವಾಗಿ ಕಡಿಮೆ ಮಾಡಿಸಿ, ಈಗ ಪೂರ್ತಿ ನಿಲ್ಲಿಸಿದ್ದಾರೆ. ತಪ್ಪಾಯಿತು ಎಂದು ಅಮ್ಮನ ಎದುರಿಗೇ ಹೇಳಿದರು, ಅದೊಂದು ದೊಡ್ಡ ಮಾತು. ಕೆಳಗಿನ ಮನೆಯ ಮಗು ಸೋಮವಾರದಿಂದ ಬರುತ್ತಿದೆ. ಎದುರು ಕಟ್ಟಡದವರು ಬೇರೆ ಕಡೆ ಸೇರಿಸಿಬಿಟ್ಟಿದ್ದಾರೆ. ಆ ಮಗು ಇನ್ನು ಬರುವುದಿಲ್ಲ. ಅಮ್ಮ ಅದರ ಬಟ್ಟೆಗಳನ್ನು ಒಗೆದು ಮಡಿಸಿ ತಲುಪಿಸಿ ಬಂದಳು.

ನಿನ್ನ ಕಾಗದವನ್ನು ಅಮ್ಮನಿಗೆ ನಾನೇ ಓದಿ ಹೇಳಿದೆ. ಆಮೇಲೆ "ತಿರುಗಣೆ ಹಾಕು" ಅಂದಳು. ಹಾಕಿದೆ. ಹೋಗಿ ಒಲೆ ಹಚ್ಚಿ ಹಾಲಿಟ್ಟಳು. ಅವತ್ತು ಸಂಜೆಯ ತನಕ ನನ್ನ ಹತ್ತಿರ ಮಾತಾಡಲಿಲ್ಲ. ನಿನ್ನ ಮೇಲಿನ ಸಿಟ್ಟಿಗಿಂತ ನನ್ನ ಮೇಲಿನದೇ ಹೆಚ್ಚು ಎಂದು ಕಾಣುತ್ತದೆ. ಇರಲಿ, ನ್ಯಾಯವೇ. ಒಂದೇ ಮನೆಯಲ್ಲಿದ್ದುಕೊಂಡು ನಿನ್ನ ಕಾಗದ ನಂಬಿದೆ, ಅವಳನ್ನು ನಂಬಲಿಲ್ಲ.

ಮೊನ್ನೆ ಆ ಭಾಗವನ್ನು ಮತ್ತೆ ಹಾಕು ಅಂದಳು. ಈ ಸಲ ನಾನೂ ಕಣ್ಣು ಮುಚ್ಚಿಕೊಂಡು ಕೇಳಿದೆ. ನಾಚಿಕೆಯಾಯಿತು ತಮ್ಮಾ. ಒಂದೂವರೆ ವರ್ಷ ಅದೇ ಉಸಿರಿನ ಪಕ್ಕ ಮಲಗಿದ್ದವಳು, ಟೀವಿಯಲ್ಲಿ ಆ ನಟಿಯ ಮುಖ ನೋಡುತ್ತಾ ಕೇಳಿಸಿಕೊಂಡಿರಲೇ ಇಲ್ಲ.

ನಿನಗೆ ಗೊತ್ತಿಲ್ಲದ್ದೊಂದು ಇದೆ. ಮೂರು ಗಿಡ್ಡ ಉಸಿರು, ಆಮೇಲೆ ಟಕ್. ನಿಮ್ಮವರೆಲ್ಲ ಹೊಗಳಿದ ಶಬ್ದ. ಕೊನೆಕೊನೆಗೆ ಅಪ್ಪನಿಗೆ ಮಾತು ಆಡಲು ಆಗುತ್ತಿರಲಿಲ್ಲ, ಆಕ್ಸಿಜನ್ನಿಗೆ ಬಾಯಿ ಒಣಗಿ ನಾಲಿಗೆ ಅಂಟಿಕೊಳ್ಳುತ್ತಿತ್ತು. ನೀರು ಬೇಕಾದರೆ ಹಾಗೆ ಟಕ್ ಅನ್ನಿಸುತ್ತಿದ್ದರು. ಅದು ಅಮ್ಮನಿಗೂ ನನಗೂ ಗೊತ್ತಿತ್ತು. ನಿನಗೆ ಗೊತ್ತಿರಲಿಲ್ಲ.

ಅಮ್ಮ ಕೇಳಿದ್ದು ಒಂದೇ ಮಾತು. ಅವಳು ಹೇಳಿದ ಹಾಗೇ ಬರೆಯುತ್ತೇನೆ. "ಟಕ್ ಅಂದ್ಮೇಲೆ ಸಿನಿಮಾದಲ್ಲಿ ನಿಂತೋಗತ್ತೆ. ಇವನ ಹತ್ರ ಪೂರ್ತಿ ಇರುತ್ತಲ್ಲ. ಅವತ್ತು ನೀರು ಯಾರು ಕೊಟ್ರು ಅಂತ ಕೇಳು."

ಅಕ್ಕ

ಮೇ 6

ಅಕ್ಕಾ, ಅಮ್ಮಾ,

ಸಿನಿಮಾಕ್ಕೆ ಬೇಕಾದದ್ದು ಇಪ್ಪತ್ತೆರಡು ಸೆಕೆಂಡು. ಟಕ್ ಆದಮೇಲೆ ಕತ್ತರಿಸಿದ್ದೆ. ಅದರ ಮುಂದಿನದನ್ನು ಆಮೇಲೆ ನಾನು ಯಾವತ್ತೂ ಹಾಕಿ ಕೇಳಿರಲಿಲ್ಲ. ನಿನ್ನೆ ಕೇಳಿದೆ. ಅಲ್ಲಿ ಇರುವುದನ್ನು ಇದ್ದ ಹಾಗೇ ಬರೆಯುತ್ತೇನೆ.

ನಾನು ಹೋಗುವ ಹಿಂದಿನ ದಿನ, ಬೆಳಿಗ್ಗೆ. ಹೊರಗೆ ತರಕಾರಿ ಗಾಡಿ ಹೋಗುತ್ತದೆ. ಮೊದಲ ಟಕ್. ಒಂದು ನಿಮಿಷದ ಮೇಲೆ ಇನ್ನೊಂದು. ಆಗ ಕುರ್ಚಿ ಕಿರುಗುಟ್ಟುತ್ತದೆ. ಅದು ನಾನು. ಎದ್ದದ್ದಲ್ಲ, ಮೈಕನ್ನು ಹತ್ತಿರಕ್ಕೆ ಹಿಡಿಯಲು ಕುರ್ಚಿ ಎಳೆದುಕೊಂಡದ್ದು. ಅದಾದಮೇಲೆ ಅಪ್ಪನ ಉಸಿರು ತುಂಬಾ ಹತ್ತಿರದಲ್ಲಿ ಕೇಳುತ್ತದೆ. ಮತ್ತೆ ಎರಡು ಸಲ ಟಕ್. ಆಮೇಲೆ ಬಹಳ ಹೊತ್ತು ಬರೀ ಉಸಿರು. ಆಮೇಲೆ ಚಪ್ಪಲಿಯ ಸದ್ದು, ಅಮ್ಮನ ದನಿ, "ಬಂದೆ, ಬಂದೆ." ಲೋಟದ ಶಬ್ದ. ಅಪ್ಪ ಕುಡಿಯುವ ಶಬ್ದ. ಅಮ್ಮ ನನ್ನ ಹೆಸರು ಹಿಡಿದು ಕರೆಯುತ್ತಾಳೆ. ನಾನು ಉತ್ತರ ಕೊಡುವುದಿಲ್ಲ. ಹೆಡ್‌ಫೋನಿನಲ್ಲಿ ಸ್ಪಷ್ಟವಾಗಿ ಕೇಳಿರಲೇಬೇಕು, ಆದರೂ ಕೊಡುವುದಿಲ್ಲ.

ಮೊದಲ ಟಕ್‌ನಿಂದ ಲೋಟದ ತನಕ ನಾಲ್ಕು ನಿಮಿಷ ಹತ್ತು ಸೆಕೆಂಡು. ನೀರಿನ ಹೂಜಿ ನನ್ನ ಕುರ್ಚಿಯ ಪಕ್ಕದಲ್ಲೇ ಇತ್ತು.

ಬರೆಯುವುದಕ್ಕೆ ಬೇರೇನೂ ಇಲ್ಲ.

ಮೇ 15

ತಮ್ಮಾ,

ನಿನ್ನ ಕಾಗದ ಓದಿ ಹೇಳುತ್ತಾ ಕುರ್ಚಿಯ ಸಾಲಿಗೆ ಬಂದೆ. ಅರ್ಧಕ್ಕೆ ನಿಲ್ಲಿಸಿದೆ. ಅಮ್ಮ ಇಲ್ಲಿ ಕೊಡು ಎಂದು ಕಿತ್ತುಕೊಂಡಳು. ಮೊನ್ನೆ ಹೊಸ ಕನ್ನಡಕ ಬಂದಿದೆ. ಒಂದೇ ಕಣ್ಣಿನಲ್ಲಿ ಉಳಿದದ್ದನ್ನು ತಾನೇ ಓದಿದಳು. ನಾನು ಬರೆದು ಕೊಡುತ್ತೇನೆ ಅಂದರೆ ಬೇಡ ಅಂದಳು. ಕೆಳಗಿನದು ಅವಳದೇ ಅಕ್ಷರ. ಸಾಲು ಸ್ವಲ್ಪ ಸೊಟ್ಟ ಹೋಗಿದೆ, ಓದಿಕೋ. ನಾನು ನಿನಗೆ ಹೇಳಬೇಕಾದದ್ದನ್ನು ಎದುರಿಗೆ ಸಿಕ್ಕಾಗ ಹೇಳುತ್ತೇನೆ.

ಅಕ್ಕ

ಮಗನೇ,

ನಾಲ್ಕು ನಿಮಿಷ ದೊಡ್ಡದೇನಲ್ಲ. ನಾನು ಬಟ್ಟೆ ಒಗೆಯುತ್ತಿದ್ದರೆ ಅರ್ಧ ಗಂಟೆಯೂ ಆಗಿದ್ದುಂಟು. ನಿಮ್ಮಪ್ಪ ಕಾಯುತ್ತಿದ್ದರು. ನಿಮ್ಮಕ್ಕ ಒಂದು ಸಲ ಹೂಜಿ ಕೈಯಲ್ಲಿ ಹಿಡಿದುಕೊಂಡೇ ನಿದ್ದೆ ಹೋಗಿದ್ದಳು. ಟಕ್ ಅಂದರೆ ನೀರು ಎಂದು ನಾನು ನಿನಗೆ ಹೇಳಿಕೊಡಲಿಲ್ಲ. ಬಂದವನು ಎರಡು ದಿನ ಇದ್ದು ಹೋಗುತ್ತಾನೆ, ಇವನಿಗೇಕೆ ಅಂದುಕೊಂಡೆ. ಅದು ನನ್ನ ತಪ್ಪು. ಕುರ್ಚಿ ಎಳೆದುಕೊಂಡದ್ದು ನಿನ್ನದು. ಅದನ್ನು ಬಿಟ್ಟು ಬರೆಯಬಹುದಿತ್ತು, ನಮಗೆ ಗೊತ್ತಾಗುತ್ತಿರಲಿಲ್ಲ. ಬರೆದೆ.

ಸಿನಿಮಾದಿಂದ ಏನೂ ತೆಗೆಸಬೇಡ. ಇರಲಿ. ಆದರೆ ಆ ಹುಡುಗಿ ಅಷ್ಟು ದಿನ ಗೋಡೆಗೆ ಕಿವಿ ಇಟ್ಟುಕೊಂಡು ಕೂರುವ ಬದಲು ಒಂದು ಸಲ ಬಾಗಿಲು ತಟ್ಟಬಾರದಿತ್ತೇ? ಕಥೆ ಬರೆದವರು ಸಿಕ್ಕರೆ ನಾನು ಕೇಳಿದೆ ಎಂದು ಹೇಳು.

ಜೂನ್ ಒಂಬತ್ತಕ್ಕೆ ಇನ್ನೊಂದು ಕಣ್ಣಿನ ಆಪರೇಷನ್. ನಿಮ್ಮಕ್ಕನ ರಜೆಯೆಲ್ಲ ನನ್ನ ಹಿಂದೆ ಆಸ್ಪತ್ರೆ ಸುತ್ತಿಯೇ ಮುಗಿದಿದೆ. ದಿನಕ್ಕೆ ಆರು ಸಲ ಹನಿ ಹಾಕಬೇಕು, ಎರಡು ಬಾಟಲು, ಒಂದಕ್ಕೂ ಇನ್ನೊಂದಕ್ಕೂ ನಡುವೆ ಐದು ನಿಮಿಷ ಬಿಡಬೇಕು. ಎವೆ ಎಳೆದು ಹಿಡಿದು ಹಾಕಬೇಕು, ಹೆದರಿಕೊಂಡರೆ ಕೆನ್ನೆಗೆ ಬೀಳುತ್ತದೆ. ಕಷ್ಟದ ಕೆಲಸವಲ್ಲ, ತೋರಿಸಿಕೊಡುತ್ತೇನೆ. ಏಳನೇ ತಾರೀಖಿಗೆ ಬಾ. ಹದಿನೈದು ದಿನ ಇರುವ ಹಾಗೆ ಬಾ.

ಅಮ್ಮ